ಕಡಲ ತಡಿಯಲ್ಲಿ ಕೇಳಿದ ‘ತಡಿ’

ಕಮಲಾಪುರ: ಹೊರಡಲು ಕಾರಣ

ಅರವತ್ತಾರನೆಯ ವಯಸ್ಸಿನವರೆಗೆ ನಾನು ಭಾರತದ ಗಡಿ ದಾಟಿರಲಿಲ್ಲ. ಹಾಗೆಂದು ಪಾಸ್‌ಪೋರ್ಟ್ ಇರಲಿಲ್ಲವೆಂದಲ್ಲ. ಕೆಲವು ವರ್ಷಗಳ ಹಿಂದೆ ಕಠ್ಮಂಡುವಿಗೆ ಹೋಗುವ ಉತ್ಸಾಹದಲ್ಲಿ ಮಾಡಿಸಿದ್ದೆ. ಕೈಗೆ ಬಂದ ಮೇಲೆ ನೇಪಾಳಕ್ಕೆ ಅದು ಬೇಕಾಗಿಲ್ಲವೆಂದು ತಿಳಿಯಿತು. ಪೊಲೀಸರು ಕಲಬುರಗಿಯ ಗಾಜಿಪುರದ ನಮ್ಮ ಮನೆಗೆ ಬಂದು, ಚಹಾ ಕುಡಿದು, ನಾನು ಸಭ್ಯನೆಂದು ಬರೆದುಕೊಂಡು ಹೋದದ್ದು ವ್ಯರ್ಥವಾಯಿತಲ್ಲ ಎಂಬ ಬೇಸರದಲ್ಲಿ ನೇಪಾಳಕ್ಕೂ ಹೋಗಲಿಲ್ಲ.

ಆ ಪಾಸ್‌ಪೋರ್ಟಿಗೆ ಕೊನೆಗೂ ಕೆಲಸ ಕೊಟ್ಟವನು ಮೈಬು. ಪೂರ್ಣ ಹೆಸರು ಮಹಬೂಬ್ ಅಲಿ. ಕಲಬುರಗಿಯ ಮೋಮಿನಪುರದವನು. ಒಂಬತ್ತನೆಯ ತರಗತಿಯಲ್ಲಿ ನನ್ನ ವಿದ್ಯಾರ್ಥಿ, ಕನ್ನಡದಲ್ಲಿ ನಪಾಸು. ನಪಾಸು ಮಾಡಿದವನು ನಾನೇ. ‘ತಡೆ’ ಎಂದು ಬರೆಯಬೇಕಾದಲ್ಲೆಲ್ಲ ಅವನು ಬಾಯಲ್ಲಿ ಆಡುವಂತೆ ‘ತಡಿ’ ಎಂದು ಬರೆದಿದ್ದ; ಒಂದೊಂದು ‘ತಡಿ’ಗೂ ನಾನು ಕೆಂಪು ಶಾಯಿಯಲ್ಲಿ ಅರ್ಧ ಅಂಕ ಕಳೆದಿದ್ದೆ. ಈ ಸಂಗತಿಯನ್ನು ಓದುಗರು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದು ಸಮುದ್ರದ ನಡುವೆ ಮೇಲೆದ್ದು ಬರುತ್ತದೆ.

ಕನ್ನಡ ಕೈಬಿಟ್ಟ ಮೈಬುವನ್ನು ಫುಟ್‌ಬಾಲ್ ಕೈಹಿಡಿಯಿತು. ಹದಿನೆಂಟಕ್ಕೆ ಹೈದರಾಬಾದಿಗೆ ಹೋದ. ಅಲ್ಲಿಂದ ಕೋಲ್ಕತ್ತ, ಅಲ್ಲಿಂದ ಗೋವಾ, ಅಲ್ಲಿಂದ ಮಸ್ಕತ್ತು. ಹೋದ ಊರಲ್ಲೆಲ್ಲ ಅಲ್ಲಿನ ಭಾಷೆಯಲ್ಲಿ ಮೂರೇ ಮಾತು ಕಲಿತನಂತೆ: ಚೆಂಡು ಕೊಡು, ನೀರು ಕೊಡು, ನನ್ನ ತಪ್ಪಿಲ್ಲ. ಮಸ್ಕತ್ತಿನಲ್ಲಿ ಮೊಣಕಾಲು ಹೋಯಿತು. ಆಡುವವನು ಆಡಿಸುವವನಾದ. ಹನ್ನೊಂದು ವರ್ಷದ ಹಿಂದೆ ಮಾಲ್ಡೀವ್ಸಿನ ಒಂದು ಪುಟ್ಟ ದ್ವೀಪದ ಕ್ಲಬ್ಬಿನವರು ಎರಡು ವರ್ಷಕ್ಕೆಂದು ಕೋಚ್ ಆಗಿ ಕರೆಸಿಕೊಂಡು, ಒಂದೇ ವರ್ಷಕ್ಕೆ ನಗುನಗುತ್ತ ದೋಣಿ ಹತ್ತಿಸಿ ಕಳಿಸಿದರು. ಅಂದಿನಿಂದ ಅವನು ಕಲಬುರಗಿಗೆ ಮರಳಿ, ಕಪನೂರಿನ ಒಂದು ದಾಲ್ ಮಿಲ್ಲಿನ ಗೇಟಿನಲ್ಲಿ ಕೂತು ಲಾರಿಗಳ ನಂಬರು ಬರೆದುಕೊಳ್ಳುತ್ತಿದ್ದಾನೆ. ಭಾನುವಾರ ಮಾತ್ರ ಸ್ಕೂಟರ್ ಹತ್ತಿ ಕಮಲಾಪುರಕ್ಕೆ ಹೋಗಿ, ಅಲ್ಲಿನ ಒಂದು ವಸತಿ ಶಾಲೆಯ ಹುಡುಗಿಯರಿಗೆ ತನ್ನ ಖುಷಿಗೆ ಫುಟ್‌ಬಾಲ್ ಕಲಿಸುತ್ತಾನೆ.

ಆ ಶಾಲೆಯ ಆಡಳಿತ ಸಮಿತಿಯಲ್ಲಿ ನಾನೂ ಒಬ್ಬ ಸದಸ್ಯ. ಹುಡುಗಿಯರು ಚೆನ್ನಾಗಿ ಆಡುವುದನ್ನು ಕಂಡ ಸಮಿತಿ, ಕಾಯಂ ಕೋಚ್ ಒಬ್ಬರನ್ನು ನೇಮಿಸಲು ತೀರ್ಮಾನಿಸಿತು. ಮೈಬು ತನ್ನ ಫೈಲು ಹಿಡಿದು ಬಂದ. ಅಧ್ಯಕ್ಷರಾದ ಮಲ್ಲಣ್ಣನವರು, ಅಂದರೆ ಕೆಂಪು ಬಾಳೆಯ ತೋಟದವರು, ಒಂದೊಂದು ಪ್ರಮಾಣಪತ್ರವನ್ನೂ ಹಣ್ಣು ಒತ್ತಿ ನೋಡುವಂತೆ ನೋಡಿದರು.

“ಎಲ್ಲಾ ಊರಿನ ಚೀಟಿ ಅವ. ಈ ದ್ವೀಪದ್ದೊಂದೇ ಯಾಕ ಇಲ್ಲ?”

“ಕೊಡ್ಲಿಲ್ರಿ.”

“ಎರಡು ವರ್ಷದ ಕರಾರು ಅಂತೀರಿ. ಒಂದೇ ವರ್ಷಕ್ಕ ಯಾಕ ಬಂದ್ರಿ?”

“ಅವ್ರು ಕಳಿಸಿದ್ರಿ.”

“ಯಾಕ ಕಳಿಸಿದ್ರು?”

“ಅದು ನನಗೂ ಗೊತ್ತಿಲ್ರಿ, ಗೌಡ್ರ.”

ಇಷ್ಟು ಪ್ರಾಮಾಣಿಕವಾಗಿ ಉತ್ತರಿಸಿದರೆ ಯಾರಿಗೂ ಕೆಲಸ ಸಿಗುವುದಿಲ್ಲ. ಮಲ್ಲಣ್ಣನವರು ನನ್ನ ಕಡೆ ತಿರುಗಿದರು. “ಹುಡುಗೇರ ಶಾಲಿ ಅದ, ಮಾಸ್ತರ. ಯಾಕ ಹೊರಗ ಹಾಕ್ಯಾರ ಅನ್ನೋದು ಗೊತ್ತಾಗದೆ ಹ್ಯಾಂಗ ತಗೊಳ್ಳೋದು? ಈ ತಿಂಗಳ ಕೊನಿ ತನಕ ಟೈಮ್ ಕೊಡೂಣು. ಆ ಕ್ಲಬ್ಬಿನವರಿಂದ ಕಾರಣ ಬರಿಸಿಕೊಂಡು ಬರ್ಲಿ.”

ಮಾತು ನ್ಯಾಯವಾದದ್ದೇ. ಕ್ಲಬ್ಬಿಗೆ ಐದು ಸಲ ಬರೆದೆವು. ಒಂದು ಸಲ ಉತ್ತರ ಬಂತು. ಈದ್ ಶುಭಾಶಯದ ಚಿತ್ರವಿತ್ತು. ಹಬ್ಬ ಮುಗಿದು ಎರಡು ತಿಂಗಳಾಗಿತ್ತು.

“ನಾನೇ ಹೋಗ್ತೀನ್ರಿ ಸರ,” ಎಂದ ಮೈಬು. “ನಾ ಒಬ್ಬನೇ ಹೋಗಿ ಚೀಟಿ ತಂದ್ರ, ಇಲ್ಲೇ ಕೂತು ಬರ್ಕೊಂಡಾನ ಅಂತಾರ. ನೀವೂ ಬರ್ರಿ. ನೀವು ನನ್ನ ನಪಾಸು ಮಾಡಿದವರು. ನಿಮ್ಮ ಮಾತು ಎಲ್ಲಾರೂ ನಂಬ್ತಾರ.”

ಹೀಗೆ ನಾನು ಒಬ್ಬ ವಿದ್ಯಾರ್ಥಿಯನ್ನು ನಪಾಸು ಮಾಡಿದ ಯೋಗ್ಯತೆಯ ಮೇಲೆ ವಿದೇಶಕ್ಕೆ ಹೊರಟೆ.

ಮಾಲೆ: ಹಣ್ಣು ಮತ್ತು ಕೋಲು

ಮಲ್ಲಣ್ಣನವರು ಒಂದು ಚಿಪ್ಪು ಕೆಂಪು ಬಾಳೆಹಣ್ಣು ಕಟ್ಟಿಕೊಟ್ಟಿದ್ದರು. “ಅಧ್ಯಕ್ಷರಿಂದ ಅಧ್ಯಕ್ಷರಿಗೆ ಅಂತ ಹೇಳ್ರಿ.” ರೈಲಿನಲ್ಲಿ ಬೆಂಗಳೂರಿನವರೆಗೆ ಅದು ನನ್ನ ತೊಡೆಯ ಮೇಲಿತ್ತು, ವಿಮಾನದಲ್ಲಿಯೂ ಅಲ್ಲಿಯೇ. ಕಿಟಕಿಯಿಂದ ಕೆಳಗೆ ನೋಡಿದರೆ ನೀಲಿ ನೀರಿನಲ್ಲಿ ಅಲ್ಲಲ್ಲಿ ರೊಟ್ಟಿಯಂಥ ಬಿಳಿಯ ತುಂಡುಗಳು. ಅವೇ ದೇಶ ಎಂದ ಮೈಬು. ಜೋಳದ ಹೊಲದ ಅಂಚು ಕಣ್ಣಿಗೆ ಕಾಣದ ಸೀಮೆಯವನಾದ ನನಗೆ, ಒಂದು ದೇಶವನ್ನು ಇಷ್ಟು ಜಿಪುಣತನದಿಂದ ಮಾಡಬಹುದೆಂದು ತಿಳಿದಿರಲಿಲ್ಲ.

ರಾಜಧಾನಿ ಮಾಲೆಯ ವಿಮಾನ ನಿಲ್ದಾಣದ ತಪಾಸಣೆಯ ಅಧಿಕಾರಿ ಚಿಪ್ಪನ್ನು ಎತ್ತಿ ಹಿಡಿದ. ಸಭ್ಯ ತರುಣ.

“ಇದೇನು?” ಎಂದ ಇಂಗ್ಲಿಷಿನಲ್ಲಿ.

“ಬಾಳೆಹಣ್ಣು.”

“ಕೆಂಪಗಿದೆ.”

“ಹೌದು.”

“ಯಾಕೆ?”

ಮೂವತ್ತೈದು ವರ್ಷ ಪಾಠ ಮಾಡಿದರೂ ಈ ಪ್ರಶ್ನೆ ನನಗೆ ಬಂದಿರಲಿಲ್ಲ. ಕಮಲಾಪುರದ ಮಣ್ಣಿನ ಗುಣ ಎಂದೆ. ಅವನು ತನ್ನ ಹಿರಿಯನನ್ನು ಕರೆದ. ಇಬ್ಬರೂ ಮೂಸಿ ನೋಡಿದರು. ಒಂದನ್ನು ತಿಂದು ತೋರಿಸಿ ಎಂದರು. ನಾನು ಭಾರತದ ಪ್ರತಿನಿಧಿಯಂತೆ ನಿಂತು, ಸಿಪ್ಪೆ ಸುಲಿದು, ನಿಧಾನವಾಗಿ ತಿಂದೆ. ನಾನು ಸಾಯದಿರುವುದು ಖಚಿತವಾದ ಮೇಲೆ ಉಳಿದ ಹಣ್ಣುಗಳಿಗೆ ಪ್ರವೇಶ ಸಿಕ್ಕಿತು.

ಮುಂದಿನ ಪ್ರಶ್ನೆ ನನ್ನ ಕೈಕೋಲಿನ ಬಗ್ಗೆ. ಕುಂಟುವುದಿಲ್ಲವಲ್ಲ, ಕೋಲು ಯಾಕೆ? ಗಾಜಿಪುರದಲ್ಲಿ ಬೆಳಿಗ್ಗೆ ವಾಕಿಂಗ್ ಹೊರಡುವ ಯಾವ ಮನುಷ್ಯನೂ ಕೋಲಿಲ್ಲದೆ ಮನೆ ಬಿಡುವುದಿಲ್ಲ. “ನಾಯಿಗೆ,” ಎಂದೆ.

ಅವನು ಕನಿಕರದಿಂದ ನೋಡಿದ. “ನಮ್ಮ ದೇಶದಲ್ಲಿ ನಾಯಿಗಳಿಲ್ಲ.”

ಮುಂದಿನ ನಾಲ್ಕು ದಿನ ಇದು ನಿಜವೆಂದು ಕಂಡೆ. ಒಂದೂ ಇಲ್ಲ. ಬೆಳಿಗ್ಗೆ ಬೀದಿಯಲ್ಲಿ ನಡೆದರೆ ಯಾರೂ ಅಟ್ಟಿಸಿಕೊಂಡು ಬರುವುದಿಲ್ಲ, ಬೊಗಳುವುದಿಲ್ಲ. ತನ್ನನ್ನು ಯಾರೂ ಗಮನಿಸಲಿಲ್ಲ ಎಂಬ ಒಂದು ಖಾಲಿತನ ಮನುಷ್ಯನಿಗೆ ಬರುತ್ತದೆ.

ದ್ವೀಪ: ಒಂದು ಚಪ್ಪಲಿ ನೀರುಪಾಲು

ದ್ವೀಪದ ಹೆಸರನ್ನು ನಾನು ಬರೆಯುವುದಿಲ್ಲ. ಅವರಿಗೂ ಮಾನವಿದೆ, ಪಕ್ಕದ ದ್ವೀಪದವರ ಕಿವಿಗೆ ಬಿದ್ದರೆ ಕಷ್ಟ.

ಮಾಲೆಯಿಂದ ಮೂರು ಗಂಟೆ ಯಂತ್ರದ ದೋಣಿ. ಅದು ಅಲೆಯ ಮೇಲೆ ಹೋಗುವುದಿಲ್ಲ, ಅಲೆಯಿಂದ ಅಲೆಗೆ ಬೀಳುತ್ತದೆ. ಹುಮನಾಬಾದ್ ರಸ್ತೆಯ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಪಳಗಿದ ನನ್ನ ಬೆನ್ನು ಇದನ್ನು ಶಾಂತವಾಗಿ ಸ್ವೀಕರಿಸಿತು. ಮೈಬು ಮಾತ್ರ ದಾರಿಯುದ್ದಕ್ಕೂ ದೋಣಿಯ ಅಂಚು ಹಿಡಿದು ಮುಂದಕ್ಕೆ ಬಾಗಿ ಕೂತಿದ್ದ. ದ್ವೀಪದ ತೆಂಗಿನ ಮರಗಳು ಕಂಡಾಗ ಒಂದೇ ಮಾತು ಹೇಳಿದ: “ಕೆಟ್ಟ ಕೆಲಸ ಏನೂ ಮಾಡಿಲ್ರಿ ಸರ ನಾ. ಲೈನ್ಸ್‌ಮನ್ ಸರಿ ಇರ್ಲಿಲ್ಲ. ಆಟ ಶುರು ಆದ್ರ ಸಾಕು, ಬಾವುಟ ಮ್ಯಾಲ ಹಿಡೀತಿದ್ದ.”

ದೋಣಿ ಕಟ್ಟೆಗೆ ತಾಗಿತು. ತಾಗಿತು ಎನ್ನುವುದು ತಪ್ಪು. ಅಲೆ ಬಂದಾಗ ತಾಗುತ್ತದೆ, ಅಲೆ ಹೋದಾಗ ಎರಡು ಮೊಳ ದೂರ ಸರಿಯುತ್ತದೆ. ಇಳಿಯುವವರು ತಾಗಿದ ಕ್ಷಣದಲ್ಲಿ ಹಾರಬೇಕು. ಮೈಬು ಹಾರಿದ. ನನ್ನ ಸರದಿ. ಒಂದು ಕೈಯಲ್ಲಿ ಕೋಲು, ಒಂದು ಕೈಯಲ್ಲಿ ಬಾಳೆಹಣ್ಣು. ಒಂದು ಕಾಲು ಕಟ್ಟೆಯ ಮೇಲಿಟ್ಟೆ. ಆಗ ಹಿಂದಿನಿಂದ ದೋಣಿಯವನು ಕೂಗಿದ:

“ತಡೀ, ತಡೀ!”

ಹಿಂದೂ ಮಹಾಸಾಗರದ ನಡುವೆ ಕನ್ನಡ ಕೇಳಿದ ನನಗೆ ರೋಮಾಂಚನವಾಯಿತು. ನಮ್ಮ ಕಡೆ ‘ತಡಿ’ ಎಂದರೆ ನಿಲ್ಲು, ಕಾಯಿ. ಹಳೆಯ ಗ್ರಂಥಗಳಲ್ಲಿ ‘ತಡಿ’ ಎಂದರೆ ದಡ ಎಂಬ ಅರ್ಥವೂ ಉಂಟು. ದೋಣಿಯವನು ನಿಲ್ಲು ಎನ್ನುತ್ತಿದ್ದಾನೋ, ದಡ ಬಂತು ಎನ್ನುತ್ತಿದ್ದಾನೋ? ಎರಡರಲ್ಲಿ ಯಾವುದಾದರೂ ನಿಂತೇ ವಿಚಾರ ಮಾಡಬೇಕಾದ ವಿಷಯ. ನಿಂತೆ.

“ತಡೀ, ತಡೀ, ತಡೀ!” ಎಂದು ಅವನು ಮತ್ತೂ ಜೋರಾಗಿ ಕೂಗಿದ. ನಾನು ಮತ್ತೂ ಗಟ್ಟಿಯಾಗಿ ನಿಂತೆ.

ಅಲೆ ಹೋಯಿತು. ದೋಣಿ ಸರಿಯಿತು. ನನ್ನ ಕಾಲುಗಳ ನಡುವೆ ಸಮುದ್ರ ಅಗಲವಾಗತೊಡಗಿತು. ಮೈಬು ನನ್ನ ಅಂಗಿಯ ಕೊರಳಪಟ್ಟಿ ಹಿಡಿದು ಎಳೆದುಕೊಂಡ. ಬಾಳೆಹಣ್ಣು ಉಳಿಯಿತು, ಕೋಲು ಉಳಿಯಿತು, ಎಡಗಾಲಿನ ಚಪ್ಪಲಿ ಮೀನುಗಳ ಕಡೆ ಹೋಯಿತು. ದೋಣಿಯವನು ತಲೆ ಕೈಯಲ್ಲಿ ಹಿಡಿದುಕೊಂಡು ನನ್ನನ್ನು ಕಿವುಡನೆಂಬಂತೆ ನೋಡಿದ.

“ಮೈಬು, ಅವ ಕನ್ನಡ ಮಾತಾಡಿದ,” ಎಂದೆ ಏದುಸಿರು ಬಿಡುತ್ತ.

“ಗಾಳಿ ರೀ ಸರ. ಸಮುದ್ರದ ಗಾಳಿ ಕಿವ್ಯಾಗ ಹೊಕ್ಕರ ಹಂಗ ಕೇಳಸ್ತದ.”

ಎರಡನೆಯ ದಿನ: ನಾಳೆ ಎಂಬ ಊಟ

ಇಡೀ ದ್ವೀಪವನ್ನು ಸುತ್ತಲು ನನಗೆ ಅರ್ಧ ಗಂಟೆ ಸಾಕಾಯಿತು, ಅದೂ ಎರವಲು ಪಡೆದ ಹವಾಯಿ ಚಪ್ಪಲಿಯಲ್ಲಿ. ಬೀದಿಗಳು ಬಿಳಿ ಮರಳು. ಹೆಂಗಸರು ಬೆಳಿಗ್ಗೆ ಅದನ್ನು ಗುಡಿಸಿ ನುಣ್ಣಗೆ ಮಾಡುತ್ತಾರೆ. ಮರಳಿನ ಮೇಲಿಂದ ಮರಳನ್ನು ಗುಡಿಸುವ ಈ ಶ್ರದ್ಧೆಯನ್ನು ಕಂಡು, ನಮ್ಮೂರಿನಲ್ಲಿ ಧೂಳಿನ ಜೊತೆ ನಾವು ಮಾಡಿಕೊಂಡಿರುವ ರಾಜಿಯ ಬಗ್ಗೆ ನಾಚಿಕೆಯಾಯಿತು.

ಕಟ್ಟೆಯ ಬಳಿ ಕಬ್ಬಿಣದ ಚೌಕಟ್ಟಿಗೆ ಹಗ್ಗದ ಬಲೆ ಹೆಣೆದ ಕುರ್ಚಿಗಳ ಸಾಲಿದೆ. ಅದನ್ನು ‘ಜೋಲಿ’ ಎನ್ನುತ್ತಾರೆ. ಕೂತರೆ ಎದ್ದೇಳಲು ಇಬ್ಬರು ಬೇಕು. ಊರಿನ ಗಂಡಸರು ಸಂಜೆ ಅದರಲ್ಲಿ ಜೋತು ಬಿದ್ದು, ಎಲೆ ಅಡಿಕೆ ಜಗಿಯುತ್ತ, ಸಮುದ್ರ ಇನ್ನೂ ಅಲ್ಲಿಯೇ ಇದೆಯೇ ಎಂದು ನೋಡುತ್ತಾರೆ. ಎಲೆ ಅಡಿಕೆಯನ್ನು ಕಂಡಾಗ ನನಗೆ ತವರು ಸಿಕ್ಕಂತಾಯಿತು. ಊಟದ ವಿಷಯದಲ್ಲಿ ಹಾಗಾಗಲಿಲ್ಲ. ಬೆಳಿಗ್ಗೆ ಮೀನು, ಮಧ್ಯಾಹ್ನ ಮೀನು, ಸಂಜೆ ಚಹಾದ ಜೊತೆ ಮೀನು ತುಂಬಿದ ಕರಿದ ಉಂಡೆ. ನಾನು ಮೀನು ತಿನ್ನುವುದಿಲ್ಲ ಎಂದಾಗ ಹೋಟೆಲಿನವನು ಗಾಬರಿಯಾಗಿ, ಹಾಗಾದರೆ ಹುಟ್ಟಿನಿಂದ ಇಲ್ಲಿಯವರೆಗೆ ಹೇಗೆ ಬದುಕಿದಿರಿ ಎಂದು ಕೇಳಿದ. ಅವರ ‘ರೋಶಿ’ ನಮ್ಮ ಚಪಾತಿಯ ತಮ್ಮ; ಅದನ್ನು ಸಕ್ಕರೆಯ ಜೊತೆ ತಿಂದು ನಾಲ್ಕು ದಿನ ನೂಕಿದೆ.

ಆ ಹೋಟೆಲಿನವನ ಹೆಸರು ಶಿಯಾಮ. ಮೈಬುವನ್ನು ಕಂಡೊಡನೆ ಒಲೆ ಬಿಟ್ಟು ಬಂದು ಕೈ ಹಿಡಿದು, “ಕೋಚ್,” ಎಂದು ಒಂದೇ ಮಾತು ಹೇಳಿ ನಿಂತುಬಿಟ್ಟ. ಮೈಬುವಿನ ತಂಡದಲ್ಲಿ ಎಡಬದಿಯಿಂದ ಮುನ್ನುಗ್ಗುತ್ತಿದ್ದವನು ಇವನೇ. ಈಗ ಹೊಟ್ಟೆ ಬಂದಿದೆ. ಸಂಜೆ ಊರಿನ ತರುಣರಿಗೆ ತಾನೇ ಆಟ ಹೇಳಿಕೊಡುತ್ತಾನೆ. ಅಲ್ಲಿನವರೆಲ್ಲ ಸಿನಿಮಾ ನೋಡಿ ಕಲಿತ ಹಿಂದಿ ಮಾತಾಡುತ್ತಾರೆ. ಅವರ ಮಾತನ್ನು ನಾನು ಇಲ್ಲಿ ಕನ್ನಡಕ್ಕೆ ತಿರುಗಿಸಿ ಬರೆದಿದ್ದೇನೆ.

“ಮೊಂಡ ರೀ ಇವ,” ಎಂದು ಮೈಬು ನನ್ನ ಕಿವಿಯಲ್ಲಿ ಹೇಳಿದ. “ಓಟ ಮಾತ್ರ ಕುದ್ರಿದು. ಹೇಳಿದ್ದು ಕೇಳ್ತಿದ್ದಿಲ್ಲ. ಕೊನೀ ಮ್ಯಾಚಿನ್ಯಾಗ ಹೊರಗ ಕೂಡ್ಸಿದ್ದೆ.”

ಕ್ಲಬ್ಬಿನ ಅಧ್ಯಕ್ಷ ಹಸನ್‌ಬೇ ಎಪ್ಪತ್ತು ದಾಟಿದವರು. ಜೋಲಿಯಲ್ಲಿದ್ದರು. ಬಾಳೆಹಣ್ಣನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಕಮಲಾಪುರದ ಅಧ್ಯಕ್ಷರ ಆರೋಗ್ಯ ವಿಚಾರಿಸಿದರು. ಚಹಾ ತರಿಸಿದರು. ಮಳೆಯ ವಿಷಯ ಬಂತು. ನಾನು ಪತ್ರದ ವಿಷಯ ತೆಗೆದೆ. ಅವರು ಅಡಿಕೆ ಕೊಟ್ಟರು. ಮತ್ತೆ ತೆಗೆದೆ. ಮತ್ತೆ ಅಡಿಕೆ.

“ನಾಳೆ,” ಎಂದರು.

ಇದನ್ನು ನಾನು ಬಲ್ಲೆ. ನಮ್ಮಲ್ಲಿಯೂ ಹೆಣ್ಣು ನೋಡಲು ಬಂದವರಿಗೆ ಇಲ್ಲ ಎನ್ನಲಾಗದೆ ಇನ್ನೊಂದು ತಟ್ಟೆ ಉಪ್ಪಿಟ್ಟು ತರಿಸುವವರಿದ್ದಾರೆ. ಇವರಿಗೆ ಕಾರಣ ಗೊತ್ತಿದೆ. ಎದುರಿಗೆ ಹೇಳಲು ಸಂಕೋಚ. ಮೈಬು ತಲೆ ತಗ್ಗಿಸಿ ಮರಳಿನಲ್ಲಿ ಬೆರಳಿನಿಂದ ಗೆರೆ ಎಳೆಯುತ್ತಿದ್ದ. ಹಿಂದಿರುಗುವ ದೋಣಿಗೆ ಇನ್ನು ಎರಡೇ ದಿನವಿತ್ತು.

ಮೂರನೆಯ ದಿನ: ಮೈದಾನ

ಮೈದಾನದ ಮೂರು ಬದಿ ತೆಂಗು, ನಾಲ್ಕನೆಯ ಬದಿ ಸಮುದ್ರ. ಚೆಂಡು ನೀರಿಗೆ ಹೋದರೆ ಒದ್ದವನೇ ಈಜಿ ತರಬೇಕೆಂಬುದು ಊರಿನ ಕಟ್ಟಳೆ. ಆದ್ದರಿಂದ ಆ ಬದಿಗೆ ಎಲ್ಲರೂ ತುಂಬ ವಿವೇಕದಿಂದ ಒದೆಯುತ್ತಾರೆ.

ಸಂಜೆ ಶಿಯಾಮ ತರುಣರನ್ನು ಆಡಿಸುತ್ತಿದ್ದ. ನಾನು ಮತ್ತು ಮೈಬು ಹಸನ್‌ಬೇ ಅವರ ಪಕ್ಕದಲ್ಲಿ, ಗೋಲಿನ ಹಿಂದೆ, ಮಗುಚಿ ಹಾಕಿದ ಹಳೆಯ ದೋಣಿಯ ಮೇಲೆ ಕೂತಿದ್ದೆವು. ಚೆಂಡು ಎಡಬದಿಗೆ ಬಂತು. ಒಬ್ಬ ತೆಳ್ಳನೆಯ ಆಟಗಾರ ಅದರ ಕಡೆ ನೋಡಿದ. ಶಿಯಾಮ ಬಾಯಿಗೆ ಕೈ ಹಿಡಿದು ಕೂಗಿದ:

“ತಡೀ, ತಡೀ!”

ಆ ಆಟಗಾರ ಬಾಣದಂತೆ ಓಡಿದ.

ನಾನು ಮೈಬುವಿನ ಕಡೆ ನೋಡಿದೆ. “ಇದೂ ಗಾಳಿಯೇನು?”

ಮೈಬು ಕುತ್ತಿಗೆ ಮುಂದೆ ಚಾಚಿದ. ಮತ್ತೆ “ತಡೀ” ಎಂಬ ಕೂಗು; ಮತ್ತೆ ಓಟ. ಮೈಬು ಎದ್ದು ಮೈದಾನದ ನಡುವೆ ಹೋಗಿ ಶಿಯಾಮನ ಮುಂದೆ ನಿಂತ. ಆಟ ನಿಂತಿತು. ನಾನೂ ಹಿಂದೆ ಹೋದೆ. ಪದದ ವಿಷಯ ಬಂದಾಗ ನನಗೆ ದೂರ ಕೂರಲು ಆಗುವುದಿಲ್ಲ.

“ತಡಿ ಎಂದರೆ ಏನು?” ಎಂದು ಮೈಬು ಕೇಳಿದ.

ಶಿಯಾಮ ನಕ್ಕ. “ನೀವೇ ಕಲಿಸಿದ್ದಲ್ಲವೇ ಕೋಚ್. ತಡಿ, ಅಂದರೆ ಜಲ್ದಿ. ಓಡು.”

ಮೈಬುವಿನ ಮುಖ ನೋಡಿ ಅವನ ನಗು ನಿಂತಿತು. ನಿಧಾನವಾಗಿ ವಿವರಿಸಿದ. ಅವರು ಕಲಿತದ್ದು ಸಿನಿಮಾದ ಹಿಂದಿ. ಕೋಚ್ ಮಾತಾಡುತ್ತಿದ್ದದ್ದು ಮೋಮಿನಪುರದ ದಖನಿ ಉರ್ದು. ಬೇಡ ಎನ್ನಲು ‘ನಕ್ಕೋ’ ಎನ್ನುತ್ತಾರೆ, ಯಾಕೆ ಎನ್ನಲು ‘ಕೈಕು’ ಎನ್ನುತ್ತಾರೆ. ಇಷ್ಟೆಲ್ಲ ಬೇರೆ ಇರುವಾಗ, ‘ಜಲ್ದಿ’ ಎನ್ನುವುದಕ್ಕೆ ಅವರ ಊರಿನಲ್ಲಿ ‘ತಡಿ’ ಎನ್ನುತ್ತಾರೆಂದು ತಂಡ ತೀರ್ಮಾನಿಸಿತು. ಕೊನೆಯ ಅಕ್ಷರವೂ ಹೆಚ್ಚುಕಡಿಮೆ ಕೂಡಿತ್ತು. ಜೊತೆಗೆ ಅವರು ಅದನ್ನು ಅಷ್ಟು ಆತುರದಿಂದ ಕೂಗುತ್ತಿದ್ದರು.

ಫುಟ್‌ಬಾಲ್ ತಿಳಿಯದವರಿಗಾಗಿ ಒಂದು ಮಾತು. ಜೊತೆಗಾರ ಚೆಂಡು ಒದೆಯುವ ಮೊದಲೇ ಎದುರಾಳಿಯ ಕೊನೆಯ ಕಾವಲುಗಾರನನ್ನು ದಾಟಿ ಮುಂದೆ ಹೋಗಿ ನಿಲ್ಲುವುದು ಅಪರಾಧ. ಮದುವೆಯಲ್ಲಿ ಪಂಕ್ತಿಗೆ ಕರೆಯುವ ಮೊದಲೇ ಎಲೆಯ ಮುಂದೆ ಕೂತವನಂತೆ. ಲೈನ್ಸ್‌ಮನ್ ಬಾವುಟ ಎತ್ತುತ್ತಾನೆ. ಹೊಡೆದ ಗೋಲು ಲೆಕ್ಕಕ್ಕಿಲ್ಲ. ಆದ್ದರಿಂದ ಕೋಚ್ ಆದವನು ‘ತಡಿ, ತಡಿ’ ಎಂದು ಹಿಡಿದು ನಿಲ್ಲಿಸಿ, ಸರಿಯಾದ ಗಳಿಗೆಯಲ್ಲಿ ಬಿಡಬೇಕು. ಅವನು ಹಿಡಿದಷ್ಟೂ ಇವರು ಓಡಿದ್ದಾರೆ. ವರ್ಷವಿಡೀ ಬಾವುಟ ಮೇಲೆದ್ದಿದೆ.

“ಅಭ್ಯಾಸದ ಹೊತ್ತಿನಾಗ ‘ರುಕೋ’ ಅಂತಿದ್ದೆ ರೀ,” ಎಂದು ಮೈಬು ನನ್ನ ಕಡೆ ತಿರುಗಿ ಹೇಳಿದ. “ಮ್ಯಾಚಿನ್ಯಾಗ ಬಾಯಿಗಿ ಈ ತಡಿನೇ ಬರ್ತಿತ್ತು.”

“ನಿಮ್ಮ ಮನ್ಯಾಗ ದಖನಿ. ಕನ್ನಡ ಯಾಕ ಬಂತು?”

“ಮನ್ಯಾಗ ದಖನಿ ರೀ, ಮೈದಾನದಾಗ ಕನ್ನಡ. ಆಟ ಕಲ್ತಿದ್ದೇ ಕನ್ನಡದಾಗ ರೀ.”

ಮೈಬು ಶಿಯಾಮನಿಗೆ ತಡಿ ಎಂಬುದರ ಅರ್ಥ ಹೇಳಿದ. ಶಿಯಾಮ ಚೆಂಡನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡ.

“ಕೊನೆಯ ಪಂದ್ಯದಲ್ಲಿ ನನ್ನನ್ನು ಹೊರಗೆ ಕೂರಿಸಿದಿರಿ,” ಎಂದ ಆಮೇಲೆ. “ಹೇಳಿದ ಮಾತು ಕೇಳುವುದಿಲ್ಲ ಎಂದಿರಿ. ಕೋಚ್, ನೀವು ಹೇಳಿದಷ್ಟು ಸಲವೂ ಓಡಿದ್ದೇನೆ. ಉಸಿರು ಕಟ್ಟುವವರೆಗೆ ಓಡಿದ್ದೇನೆ.”

ಮೈಬು ಅವನ ಭುಜದ ಮೇಲೆ ಕೈಯಿಟ್ಟ. ಊರೂರಲ್ಲಿ ಅವನು ಕಲಿತ ಮೂರು ಮಾತುಗಳಲ್ಲಿ ಯಾವುದೂ ಇಲ್ಲಿಗೆ ಹೊಂದುತ್ತಿರಲಿಲ್ಲ. ‘ನನ್ನ ತಪ್ಪಿಲ್ಲ’ ಎಂಬ ಮೂರನೆಯದಂತೂ ಇನ್ನು ಪೂರ್ತಿ ನಿಜವೂ ಆಗಿರಲಿಲ್ಲ.

ಹಿಂದಿರುಗುವಾಗ ನನಗೆ ಹೇಳಿದ: “ಹನ್ನೊಂದು ವರ್ಷ ಆ ಲೈನ್ಸ್‌ಮನ್ನಿಗಿ ಬೈದೀನ್ರಿ ಸರ. ಅವ ಬರೋಬ್ಬರಿ ಇದ್ದ.”

“ಒಂಬತ್ತನೇ ತರಗತ್ಯಾಗ ನಾ ತಿದ್ದಿದ್ದೆ,” ಎಂದೆ. “‘ತಡೆ’ ಅಂತ ಬರಿ ಅಂದಿದ್ದೆ. ಅದು ‘ಜಲ್ದಿ’ಗೆ ಕೂಡ್ತಿರಲಿಲ್ಲ.”

ಅವನು ನನ್ನನ್ನು ನೋಡಿದ ರೀತಿಯಲ್ಲಿ ಗುರುಭಕ್ತಿ ಇರಲಿಲ್ಲ.

ಮೂರನೆಯ ದಿನ, ರಾತ್ರಿ: ಜೋಲಿಯಲ್ಲಿ ತುರ್ತು ಸಭೆ

ಸೂರ್ಯಾಸ್ತದ ಮಗ್ರಿಬ್ ನಮಾಜಿನ ನಂತರ ಹಸನ್‌ಬೇ ಹಳೆಯ ಸಮಿತಿಯನ್ನು ಕರೆಸಿದರು. ಐವರಲ್ಲಿ ನಾಲ್ವರು ಜೀವಂತವಿದ್ದರು. ನಾಲ್ಕು ಜೋಲಿಗಳಲ್ಲಿ ನಾಲ್ವರು ಜೋತು ಬಿದ್ದು ಕೂತು ನಡೆಸಿದ ಆ ಸಭೆಯಷ್ಟು ಗಂಭೀರವಾದದ್ದನ್ನು ನಾನು ಯಾವ ಸಮಿತಿಯಲ್ಲಿಯೂ ನೋಡಿಲ್ಲ.

ಹಸನ್‌ಬೇ ಈಗ ನೇರವಾಗಿ ಮಾತಾಡಿದರು. “ನಿಮ್ಮ ನಡತೆಯಲ್ಲಿ ಏನೂ ಇರಲಿಲ್ಲ ಕೋಚ್. ನಮ್ಮ ಹುಡುಗರು ನಿಯಮ ತಿಳಿಯದವರಂತೆ ಓಡುತ್ತಿದ್ದರು. ಪಕ್ಕದ ದ್ವೀಪದವರು ದೋಣಿ ತುಂಬ ಬಂದು ನಗುತ್ತಿದ್ದರು. ಕೋಚ್‌ಗೇ ನಿಯಮ ಗೊತ್ತಿಲ್ಲ ಎಂದುಕೊಂಡೆವು. ಅಷ್ಟು ದೂರದಿಂದ ಬಂದವರಿಗೆ ಮುಖದ ಮೇಲೆ ಹಾಗೆ ಹೇಳುವುದು ಹೇಗೆ? ಅದಕ್ಕೇ ಏನೂ ಹೇಳದೆ ಕಳಿಸಿದೆವು.”

ಪತ್ರವನ್ನು ಶಿಯಾಮ ಇಂಗ್ಲಿಷಿನಲ್ಲಿ ಬರೆದ. ಕ್ಲಬ್ಬಿನ ಮುದ್ರೆ ಒಂದು ತುಕ್ಕು ಹಿಡಿದ ಬಿಸ್ಕತ್ತಿನ ಡಬ್ಬಿಯಲ್ಲಿ ಸಿಕ್ಕಿತು. ಶಾಯಿಯ ಪ್ಯಾಡು ಒಣಗಿತ್ತು. ಎರಡು ಹನಿ ಕರಿ ಚಹಾ ಹಾಕಿ ಮುದ್ರೆ ಒತ್ತಿದರು.

ಒಬ್ಬ ಸದಸ್ಯರು ಒಂದು ತೊಡಕು ತೆಗೆದರು. ಈಗ ಅರ್ಥ ತಿಳಿಯಿತಲ್ಲ, ನಾಳೆಯಿಂದ ಊರಿನವರು ‘ತಡಿ’ ಎಂದರೆ ನಿಲ್ಲಬೇಕೋ ಓಡಬೇಕೋ? ಮೈದಾನದಿಂದ ಹೊರಟ ಪದ ಈಗ ಅಡುಗೆಮನೆಗೂ ಹೋಗಿದೆ. ಹೆಂಗಸರು ಮಕ್ಕಳನ್ನು ಶಾಲೆಗೆ ಹೊರಡಿಸುವಾಗಲೂ ‘ತಡಿ ತಡಿ’ ಎನ್ನುತ್ತಾರೆ. ಎಲ್ಲರೂ ಕನ್ನಡದ ಪ್ರತಿನಿಧಿಯಾದ ನನ್ನ ಕಡೆ ನೋಡಿದರು. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಹಸನ್‌ಬೇ ತೀರ್ಪು ಕೊಟ್ಟರು.

“ಇದ್ದ ಹಾಗೆ ಇರಲಿ. ಅರ್ಥ ಬದಲಾಯಿಸಿದರೆ ದೋಣಿಯಿಂದ ಇಳಿಯುವವರೆಲ್ಲ ನೀರಿಗೆ ಬೀಳುತ್ತಾರೆ.” ನನ್ನ ಪಾದದ ಕಡೆ ನೋಡಿ, “ಒಬ್ಬರು ಆಗಲೇ ಬೀಳುವುದರಲ್ಲಿದ್ದರು,” ಎಂದು ಸೇರಿಸಿದರು.

ಮರುದಿನ ದೋಣಿ ಹತ್ತುವಾಗ ಅದೇ ದೋಣಿಯವನು “ತಡೀ” ಎಂದು ಕೂಗಿದ. ನನ್ನ ಇಡೀ ವೃತ್ತಿಜೀವನದ ವಿರುದ್ಧ ಹೋಗಿ, ಹಾರಿದೆ.

ಕಮಲಾಪುರ: ತೀರ್ಪು

ಸಮಿತಿಯ ಮುಂದೆ ಪತ್ರವನ್ನು ನಾನೇ ಕನ್ನಡಕ್ಕೆ ತಿರುಗಿಸಿ ಓದಬೇಕಾಯಿತು. ಒಳಗೆ ಹೋಗುವ ಮೊದಲು ಮೈಬುವಿಗೆ ಹೇಳಿದೆ, ‘ಕಳಿಸಿದೆವು’ ಎಂಬುದನ್ನು ಸ್ವಲ್ಪ ಮೆತ್ತಗೆ ಓದಬಹುದು.

“ಬ್ಯಾಡ್ರಿ ಸರ. ಇದ್ದದ್ದು ಇದ್ದಂಗ ಓದ್ರಿ. ಒಂದ್ಸಲ ತಪ್ಪು ಕೇಳಿಸಿದ್ದಕ್ಕ ಇಷ್ಟು ಆಗ್ಯಾದ.”

ಇದ್ದಂತೆಯೇ ಓದಿದೆ: “ಅವರು ನಿಲ್ಲಿ ಎಂದರು. ನಾವು ಓಡಿದೆವು. ನಾವು ಸೋತೆವು. ಅವರನ್ನು ಕಳಿಸಿದೆವು. ಅವರ ನಡತೆಯಲ್ಲಿ ದೋಷವಿರಲಿಲ್ಲ. ಕಳಿಸಿದ್ದನ್ನು ಈಗ ಹಿಂದಕ್ಕೆ ತೆಗೆದುಕೊಂಡಿದ್ದೇವೆ. ಬಾಳೆಹಣ್ಣು ಚೆನ್ನಾಗಿತ್ತು.”

ಮಲ್ಲಣ್ಣನವರು ಪತ್ರ ತೆಗೆದುಕೊಂಡು ಮೂಸಿದರು; ಚಹಾದ ವಾಸನೆ. “ನಡತಿ ಮಾತು ಮುಗೀತು. ಆದ್ರ ಮಾಸ್ತರ, ಒಂದು ಊರಿಗಿ ಊರೇ ಇವರ ಮಾತು ಉಲ್ಟಾ ತಿಳ್ಕೊಂಡದ. ನಮ್ಮ ಹುಡುಗೇರಿಗೆ ಬರೋಬ್ಬರಿ ತಿಳೀತದನ? ಐತವಾರ ಕಲಬುರಗಿ ಟೀಮ್ ಬರ್ತದ. ನೋಡಿ ಹೇಳೂಣು.”

ಭಾನುವಾರ ಸಮಿತಿಗೆ ಶಾಮಿಯಾನದ ಕೆಳಗೆ ಕುರ್ಚಿ ಹಾಕಿದ್ದರು. ಮೊದಲರ್ಧದಲ್ಲಿ ಏನೂ ಆಗಲಿಲ್ಲ. ಮೈಬು “ತಡೀ” ಎಂದಾಗ ನಮ್ಮ ಹುಡುಗಿಯರು ನಿಂತರು. ಪಟ್ಟಣದ ಹುಡುಗಿಯರಿಗೂ ಕನ್ನಡ ಬರುತ್ತದೆ. ಅವರೂ ನಿಂತು, ನಮ್ಮವರು ಹೊರಡುವುದನ್ನೇ ಕಾದರು. ದ್ವೀಪದಲ್ಲಿ ಯಾರಿಗೂ ತಿಳಿಯದ್ದು ಸಮಸ್ಯೆಯಾಗಿತ್ತು. ಇಲ್ಲಿ ಎಲ್ಲರಿಗೂ ತಿಳಿಯುವುದು ಸಮಸ್ಯೆಯಾಯಿತು. ಪಟ್ಟಣದವರು ಒಂದು ಗೋಲು ಹೊಡೆದರು. ಮಲ್ಲಣ್ಣನವರು ಕೈಗಡಿಯಾರ ನೋಡಿಕೊಂಡರು.

ವಿರಾಮದಲ್ಲಿ ಮೈಬು ಹುಡುಗಿಯರನ್ನು ಸುತ್ತ ಕೂರಿಸಿಕೊಂಡು ಏನೋ ಹೇಳಿದ. ಅವರು ಬಾಯಿಗೆ ಕೈ ಅಡ್ಡ ಹಿಡಿದು ನಗುವುದು ಕಂಡಿತು.

ಎರಡನೆಯ ಅರ್ಧದಲ್ಲಿ ಚೆಂಡು ಎಡಬದಿಯಲ್ಲಿದ್ದ ನಾಯಕಿ ಭಾಗ್ಯಳ ಕಡೆ ಬಂತು. ಮೈಬು ಕೂಗಿದ: “ತಡೀ, ತಡೀ!” ಪಟ್ಟಣದ ಕಾವಲಿನ ಹುಡುಗಿಯರು ಕನ್ನಡ ಬಲ್ಲವರಂತೆ ಒಂದು ಕ್ಷಣ ನಿಂತರು. ಭಾಗ್ಯ ದ್ವೀಪದವಳಂತೆ ಓಡಿದಳು. ಗೋಲು. ಬಾವುಟ ಏಳಲಿಲ್ಲ, ಅವಳು ಹೊರಟದ್ದು ಸರಿಯಾದ ಗಳಿಗೆಯಲ್ಲಿ.

ಪಟ್ಟಣದ ಕೋಚ್ ರೆಫರಿಯ ಹತ್ತಿರ ಹೋದರು. “ತಡಿ ಅಂತ ಹೇಳಿ ಓಡಸ್ತಾರ್ರೀ. ಇದು ಮೋಸ ಅಲ್ಲೇನು?” ರೆಫರಿ ತಲೆ ಕೆರೆದುಕೊಂಡು ನಮ್ಮ ಶಾಮಿಯಾನಕ್ಕೆ ಬಂದರು. ಪೀಪಿಯನ್ನು ಬಾಯಿಂದ ತೆಗೆದು, “ಮಾಸ್ತರ, ನೀವು ಕನ್ನಡದವರು. ತಡಿ ಅಂದ್ರ ಓಡು ಅಂತ ಅರ್ಥ ಆಗ್ತದನ?” ಎಂದರು.

ಮಲ್ಲಣ್ಣನವರು ನನ್ನನ್ನು ನೋಡಿದರು. ಇಡೀ ಸಮಿತಿ ನೋಡಿತು. ಮೈದಾನದ ಆಚೆಯಿಂದ ಮೈಬುವೂ, ಉತ್ತರಪತ್ರಿಕೆ ವಾಪಸ್ ಕೊಡುವ ದಿನ ನೋಡುತ್ತಿದ್ದಂತೆ, ನೋಡಿದ. ಎದ್ದು ನಿಂತೆ.

“ಮೂರು ಅರ್ಥ ಅವ,” ಎಂದೆ. “ಕಲಬುರಗಿಯಲ್ಲಿ ನಿಲ್ಲು. ಗ್ರಂಥದಲ್ಲಿ ದಡ. ಹಿಂದೂ ಮಹಾಸಾಗರದಲ್ಲಿ ಓಡು. ಮೂರನೆಯದಕ್ಕ ಮುದ್ರೆ ಒತ್ತಿದ ಪತ್ರ ಅಧ್ಯಕ್ಷರ ಹತ್ರ ಅದ.”

ಮಲ್ಲಣ್ಣನವರು ಜೇಬಿನಿಂದ ಪತ್ರ ತೆಗೆದು ಮಡಿಕೆ ಬಿಚ್ಚಿ ರೆಫರಿಯ ಮುಂದೆ ಹಿಡಿದರು. ರೆಫರಿ ಮುದ್ರೆಯನ್ನು ನೋಡಿದರು. ಗೋಲು ಉಳಿಯಿತು. ಪಂದ್ಯ ಸಮಸಮವಾಯಿತು.

“ಈ ಪತ್ರ ಅವರ ಫೈಲಿಗೆ ಹಚ್ಚ್ರಿ,” ಎಂದು ಮಲ್ಲಣ್ಣನವರು ಗುಮಾಸ್ತನಿಗೆ ಹೇಳಿದರು. “ನೇಮಕಾತಿ ಆದೇಶದ ಕೆಳಗ.” ಆಮೇಲೆ ಮೈಬುವಿನ ಕಡೆ ತಿರುಗಿ, “ಮಿಲ್ಲಿನವರಿಗೆ ಹೇಳಿಬಿಡ್ರಿ, ಸಾಹೇಬ್ರ. ಗೇಟಿಗೆ ಬ್ಯಾರೆ ಮಂದಿ ನೋಡ್ಕೊಳ್ಳಲಿ.”

ಮೈಬು ಸಹಿ ಹಾಕಲು ಉಳಿದ. ನನ್ನನ್ನು ರಸ್ತೆಯವರೆಗೆ ಬಿಡಲು ಹುಡುಗಿಯರು ಬಂದರು. ನಾವು ಇನ್ನೂ ನೂರು ಹೆಜ್ಜೆ ದೂರವಿರುವಾಗ ಕಲಬುರಗಿಯ ಬಸ್ಸು ಹೊರಟಿತು. ನಾನು ಕೋಲೆತ್ತಿ, ಅಭ್ಯಾಸ ಬಲದಿಂದ, ಬಸ್ಸಿಗೆ ಕೂಗಿದೆ: “ತಡೀ, ತಡೀ!”

ಬಸ್ಸು ನಿಲ್ಲಲಿಲ್ಲ. ನನ್ನ ಎರಡೂ ಬದಿಯಿಂದ ಹನ್ನೊಂದು ಹುಡುಗಿಯರು ಧೂಳೆಬ್ಬಿಸಿಕೊಂಡು ಓಡಿದರು. ರಸ್ತೆಯ ಉಬ್ಬಿನ ಹತ್ತಿರ ಬಸ್ಸನ್ನು ಹಿಡಿದು, ಭಾಗ್ಯ ಅದರ ಬದಿಗೆ ಬಡಿದಳು. ನಾನು ಏದುಸಿರಿನಲ್ಲಿ ಮುಟ್ಟುವಾಗ ಕಂಡಕ್ಟರ್ ಬಾಗಿಲಲ್ಲಿ ನಿಂತು ಕೇಳುತ್ತಿದ್ದ, “ಎಲ್ಲಾರೂ ಯಾಕ ಓಡಿ ಬಂದ್ರವಾ?”

“ನಮ್ಮ ಸರ ತಡಿ ಅಂದ್ರು ರೀ,” ಎಂದಳು ಭಾಗ್ಯ. “ಅದಕ್ಕ.”

ನಾನು ಏನನ್ನೂ ತಿದ್ದದೆ ಬಸ್ಸು ಹತ್ತಿದೆ.